ಸ್ವಂತ ಕವಚವೋ, ಸರ್ಕಾರಿ ಕವಚವೋ? – ಸಿಲೇದಾರ, ಬಾರಗೀರರ ಲೆಕ್ಕ

ಕೆಂಡೋ ಎಂಬ ಜಪಾನಿ ಕತ್ತಿವರಸೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಬಿದಿರಿನ ಸೀಳುಗಳನ್ನು ಸೇರಿಸಿ ಕಟ್ಟಿದ ಕತ್ತಿ (ಅದಕ್ಕೆ ಶಿನಾಯ್ ಅಂತಾರೆ) ಹಿಡಿದು, ಮುಖಕ್ಕೆ ಜಾಲರಿ ಹಾಕಿಕೊಂಡು, ಗಟ್ಟಿಯಾಗಿ ಕೂಗುತ್ತ ಎದುರಿನವನ ತಲೆ, ಮುಂಗೈ, ಪಕ್ಕೆಗೆ ಹೊಡೆಯುವ ಆಟ. ಬೆಂಗಳೂರಿನಲ್ಲೂ ಕಲಿಯುವವರಿದ್ದಾರೆ. ನಮ್ಮ ಐಟಿ ಮಂದಿಗೂ ಇದರ ಹುಚ್ಚು ಸ್ವಲ್ಪ ಹತ್ತಿದೆ.

ಮೊದಲ ಕೆಲವು ತಿಂಗಳು ಖರ್ಚು ಜಾಸ್ತಿ ಇಲ್ಲ. ಒಂದು ಶಿನಾಯ್, ಒಂದು ಜೊತೆ ಬಟ್ಟೆ ಇದ್ದರೆ ಆಯ್ತು. ಹೆಜ್ಜೆ, ಬೀಸು ಒಂದು ಹದಕ್ಕೆ ಬಂದ ಮೇಲೆ ಗುರುಗಳು "ಇನ್ನು ಬೋಗು ಹಾಕು" ಅಂತಾರೆ. ಬೋಗು ಅಂದರೆ ಕವಚ. ಅದರಲ್ಲಿ ನಾಲ್ಕು ಭಾಗ: ತಲೆ, ಮುಖ, ಗಂಟಲು ಕಾಯುವ ಮೆನ್; ಕೈಗೆ ಕೋತೆ; ಎದೆ-ಹೊಟ್ಟೆಗೆ ದೋ; ಸೊಂಟಕ್ಕೆ ತಾರೆ. ಆಗ ಶುರುವಾಗುತ್ತೆ ಲೆಕ್ಕಾಚಾರ. ತರಗತಿಯ ಕವಚವನ್ನೇ ಎರವಲು ಹಾಕಿಕೊಂಡು ಇನ್ನೊಂದಿಷ್ಟು ದಿನ ತಳ್ಳಬೇಕೋ, ಸ್ವಂತದ್ದು ತಗೋಬೇಕೋ? ಹೊಸದೋ, ಹಳೇದೋ? ಮಶೀನ್ ಹೊಲಿಗೆಯದೋ, ಕೈಹೊಲಿಗೆಯದೋ? ಎಷ್ಟು ದುಡ್ಡು ತೆಗೆದಿಡಬೇಕು?

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಕೆಂಡೋಗಿಂತ ಮೊದಲು ನಮ್ಮ ಕಡೆಯ ಎರಡು ಹಳೇ ಪದ ನೆನಪಾಗ್ತವೆ: ಸಿಲೇದಾರ ಮತ್ತು ಬಾರಗೀರ. ಯಾಕಂದ್ರೆ ಇದೇ ಲೆಕ್ಕವನ್ನು ದಖ್ಖನಿನ ಸವಾರರು ಐನೂರು ವರ್ಷಗಳ ಹಿಂದೆಯೇ ಹಾಕುತ್ತಿದ್ದರು. ಎರಡು ಉತ್ತರಗಳಿಗೆ ಎರಡು ಹೆಸರನ್ನೂ ಇಟ್ಟಿದ್ದರು.

ಎರಡು ಪದಗಳು

ನಮ್ಮೂರು ಮೆಹಕರ, ಬೀದರ ಜಿಲ್ಲೆಯ ಭಾಲ್ಕಿ ತಾಲೂಕು. (ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಇದೇ ಹೆಸರಿನ ಇನ್ನೊಂದು ಊರಿದೆ, ಅದಲ್ಲ!) ಗಡಿ ಸೀಮೆಯಾದ್ದರಿಂದ ಕನ್ನಡದ ಜೊತೆ ಮರಾಠಿ, ಉರ್ದು ಪದಗಳು ನಮ್ಮ ಕಿವಿಗೆ ಹೊಸವಲ್ಲ. ಅರಬ್ಬಿಯಲ್ಲಿ 'ಸಿಲಾಹ್' ಅಂದರೆ ಆಯುಧ. ಅದಕ್ಕೆ ಫಾರಸಿಯ 'ದಾರ್' ಸೇರಿದರೆ ಸಿಲಾಹ್‌ದಾರ್, ಅಂದರೆ ಆಯುಧ ಉಳ್ಳವನು. ಮರಾಠಿಯಲ್ಲಿ ಶಿಲೇದಾರ, ನಮ್ಮಲ್ಲಿ ಸಿಲೇದಾರ, ಹಳೇ ಮೈಸೂರಿನ ಕಡೆ ಸಿಲ್ಲೇದಾರ. ಕುದುರೆ, ಜೀನು, ಕತ್ತಿ, ಭರ್ಚಿ, ಕವಚ ಎಲ್ಲ ತನ್ನದೇ ತಂದುಕೊಂಡು ಚಾಕರಿಗೆ ಸೇರುವವನು ಅವನು.

ಬಾರಗೀರ ಅಂದರೆ ದೊರೆಯ ಕುದುರೆ ಏರುವವನು. ಕುದುರೆಯೂ ಅವನದಲ್ಲ, ಸಾಮಾನೂ ಅವನದಲ್ಲ. ಹತ್ತಿ ಕೂತು ಹೋರಾಡುವ ಮೈ ಮಾತ್ರ ಅವನದು. ದೊರೆಯ ಕುದುರೆಗಳ ಲಾಯಕ್ಕೆ 'ಪಾಗಾ' ಅಂತಿದ್ದರು.

ಇಬ್ಬರ ಸಂಬಳದಲ್ಲೇ ವ್ಯತ್ಯಾಸ ಕಾಣುತ್ತೆ. ಮರಾಠರ ಇತಿಹಾಸ ಬರೆದ ಗ್ರಾಂಟ್ ಡಫ್ ಕೊಡುವ ಲೆಕ್ಕದ ಪ್ರಕಾರ ಶಿವಾಜಿಯ ದಂಡಿನಲ್ಲಿ ಬಾರಗೀರನಿಗೆ ತಿಂಗಳಿಗೆ 2ರಿಂದ 5 ಹೊನ್ನು, ಸಿಲೇದಾರನಿಗೆ 6ರಿಂದ 12 ಹೊನ್ನು. ಮೇಲ್ನೋಟಕ್ಕೆ ಸಿಲೇದಾರನೇ ಶ್ರೀಮಂತ. ಆದರೆ ಬಾರಗೀರನ ಸಂಬಳ ಪೂರ್ತಿ ಅವನ ಮನೆಗೆ ಹೋಗುತ್ತಿತ್ತು. ಸಿಲೇದಾರನ ಸಂಬಳದಿಂದ ಮೊದಲು ಕುದುರೆ ತಿನ್ನಬೇಕು, ಲಾಳ ಕಟ್ಟಿಸಬೇಕು, ಜೀನು ರಿಪೇರಿ ಆಗಬೇಕು, ಕವಚಕ್ಕೆ ಎಣ್ಣೆ ಹಚ್ಚಬೇಕು. ಉಳಿದದ್ದು ಮನೆಗೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಬ್ಬನದು ಕೈಗೆ ಬರುವ ಸಂಬಳ, ಇನ್ನೊಬ್ಬನದು ಸಿಟಿಸಿ :-)

ನಿಕಿತಿನ್ನನ ಒಂದು ಕುದುರೆ

ಈ ಲೆಕ್ಕದಲ್ಲಿ ನಿಜವಾಗಿ ದುಬಾರಿ ಯಾವುದು ಅಂತ ತಿಳಿಯಲು ಬೀದರಿಗೇ ಬಂದ ಒಬ್ಬ ಪರದೇಶಿಯ ಖರ್ಚಿನ ಪಟ್ಟಿ ಸಾಕು. ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ 1470ರ ಆಸುಪಾಸಿನಲ್ಲಿ ಬೀದರಿನಲ್ಲಿದ್ದ. ಮಾರೋಣ ಅಂತ ಒಂದೇ ಒಂದು ಗಂಡು ಕುದುರೆ ಕಟ್ಟಿಕೊಂಡು ಬಂದಿದ್ದ. ಜುನ್ನರ ತಲುಪುವ ಹೊತ್ತಿಗೆ ಅದರ ಮೇಲೆ ನೂರು ರೂಬಲ್ ಬಿದ್ದಿತ್ತು. ಅಲ್ಲಿನ ಖಾನ ಕುದುರೆ ಕಿತ್ತುಕೊಂಡು, ಮತ ಬದಲಿಸಿದರೆ ವಾಪಸ್ ಅಂದ. ಖುರಾಸಾನದ ಒಬ್ಬ ದೊಡ್ಡ ಮನುಷ್ಯನ ಮಾತಿನಿಂದ ಬಿಡಿಸಿಕೊಂಡು ಬೀದರಿಗೆ ಬಂದ. ಕೊನೆಗೆ ಮಾರಿದ್ದು ಕ್ರಿಸ್ಮಸ್ ಹೊತ್ತಿಗೆ. ವರ್ಷಪೂರ್ತಿ ಮೇಯಿಸಿದ್ದಕ್ಕೆ 68 ಫುತುನ್ (ಆಗಿನ ಒಂದು ನಾಣ್ಯ) ಖರ್ಚಾಯಿತು ಅಂತ ಬರೆದಿಟ್ಟಿದ್ದಾನೆ. ಇಲ್ಲಿ ಕುದುರೆಗೆ ಕಡಲೆ ಕೊಡುತ್ತಾರೆ, ಸಕ್ಕರೆ ಹಾಕಿ ಖಿಚಡಿ ಬೇಯಿಸಿ ತಿನ್ನಿಸುತ್ತಾರೆ ಅಂತಲೂ ಆಶ್ಚರ್ಯಪಟ್ಟಿದ್ದಾನೆ.

ನಮ್ಮ ನೆರೆಯ ಆಳಂದದ ಶೇಖ್ ಅಲಾವುದ್ದೀನರ ಜಾತ್ರೆಗೆ ಮಾರಾಟಕ್ಕೆ ಇಪ್ಪತ್ತು ಸಾವಿರದವರೆಗೆ ಕುದುರೆ ಬರುತ್ತಿದ್ದವಂತೆ. ಸಂಖ್ಯೆ ಸ್ವಲ್ಪ ಉಬ್ಬಿಸಿದ್ದರೂ ಇರಲಿ, ಅದು ಕುದುರೆ ಹಸಿದ ನಾಡು ಅನ್ನೋದಂತೂ ಸ್ಪಷ್ಟ. ಬಹಮನಿಯ ವಜೀರ ಮಹಮೂದ್ ಗವಾನನೇ ವ್ಯಾಪಾರಿಯಾಗಿ ಬೀದರಿಗೆ ಬಂದವನು. ಅವನ ಬಿರುದು 'ಮಲಿಕ್-ಉತ್-ತುಜ್ಜಾರ್', ವ್ಯಾಪಾರಿಗಳ ಒಡೆಯ. ಬೀದರಿನ ಮದರಸಾ ಪೂರ್ತಿಯಾದ 1472ರಲ್ಲೇ ಗೋವಾ ಅವನ ಕೈಸೇರಿತು. ಅರಬ್ಬೀ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರು ಅದು.

ಯುದ್ಧಕ್ಕೆ ಹೊರಟವರನ್ನೂ ನಿಕಿತಿನ್ ನೋಡಿದ್ದ. ಆನೆಗಳಿಗೆ ಉಕ್ಕಿನ ಕವಚ, ಮೇಲೆ ಅಂಬಾರಿಯಲ್ಲಿ ಕವಚ ತೊಟ್ಟ ಹನ್ನೆರಡು ಜನ. ಕೆಳಗೆ ನಡೆಯುವ ಕಾಲಾಳುಗಳು ಮಾತ್ರ ಬರಿಮೈ, ಬರಿಗಾಲು; ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಕತ್ತಿ. ನಮ್ಮ ವೀರಗಲ್ಲುಗಳಲ್ಲೂ ಎಷ್ಟೋ ವೀರರು ಹೀಗೇ ಇದ್ದಾರೆ. ಅಂದರೆ ಆ ಕಾಲದ ಬಡ ಸೈನಿಕನ ಮೊದಲ ಕವಚ ಢಾಲು, ಅಷ್ಟೇ. ಆನೆಗೆ ಸಿಕ್ಕ ಉಕ್ಕು ಅವನ ಪಾಲಿಗೆ ಇರಲಿಲ್ಲ.

ಗವಾನನ ಬಜೆಟ್

ಒಬ್ಬ ಸವಾರನಿಗೆ ಒಟ್ಟು ಎಷ್ಟು ಬೇಕು? ಇದಕ್ಕೆ ಬೀದರಿನ ದರಬಾರಿನದೇ ಒಂದು ಅಂಕಿ ಇದೆ. ಇತಿಹಾಸಕಾರ ಫೆರಿಶ್ತಾ ಹೇಳುವಂತೆ, ಹಿಂದೆ 500 ಸವಾರರನ್ನು ಸಾಕುವ ಸರದಾರನಿಗೆ ವರ್ಷಕ್ಕೆ 1 ಲಕ್ಷ ಹೊನ್ನಿನ ಉತ್ಪನ್ನ ಬಿಟ್ಟುಕೊಡುತ್ತಿದ್ದರು. ಗವಾನ ಅದನ್ನು 1 ಲಕ್ಷ 25 ಸಾವಿರಕ್ಕೆ ಏರಿಸಿದ. ಜೊತೆಗೆ ಒಂದು ಷರತ್ತು: ಲೆಕ್ಕಕ್ಕೆ ನಿಲ್ಲಿಸಿದಾಗ ಎಷ್ಟು ಸವಾರರು ಕಡಿಮೆ ಬೀಳುತ್ತಾರೋ ಅಷ್ಟು ಹಣ ವಾಪಸ್.

ಭಾಗಾಕಾರ ಮಾಡಿ ನೋಡಿ. ತಲೆಗೆ ವರ್ಷಕ್ಕೆ 250 ಹೊನ್ನು, ತಿಂಗಳಿಗೆ ಸುಮಾರು 20. ಇದರಲ್ಲಿ ಸರದಾರನ ಪಾಲು, ಕುದುರೆ, ಆಳು, ಆಯುಧ, ಕವಚ ಎಲ್ಲಾ ಬಂತು. ಶಿವಾಜಿಯ ಕಾಲದ ಹೊನ್ನಿಗೆ ಇದನ್ನು ನೇರವಾಗಿ ಹೋಲಿಸಲು ಬರಲ್ಲ, ನಡುವೆ ಇನ್ನೂರು ವರ್ಷ ಇದೆ. ಆದರೆ ಗವಾನನ ಷರತ್ತು ಒಂದು ವಿಷಯ ಹೇಳುತ್ತೆ. ದುಡ್ಡು ಕೊಡುವುದು ಸುಲಭ, ಅದು ಸವಾರನ ಮೈಮೇಲೆ ಕವಚವಾಗಿ ಬರುವುದು ಕಷ್ಟ. ನಡುವೆ ಕೈಗಳು ಬಹಳ. ಆ ಕೈಗಳನ್ನು ಕಟ್ಟಲು ಹೋದ ಗವಾನನಿಗೆ ಸರದಾರರಲ್ಲೇ ಶತ್ರುಗಳು ಹುಟ್ಟಿದರು. 1481ರಲ್ಲಿ ಸುಳ್ಳು ಪತ್ರದ ಆರೋಪ ಹೊರಿಸಿ ಅವನ ತಲೆ ತೆಗೆಸಿದರು. ಬಹಮನಿ ರಾಜ್ಯ ಒಡೆಯಲು ಆಮೇಲೆ ಬಹಳ ದಿನ ಬೇಕಾಗಲಿಲ್ಲ.

ವಿಜಯನಗರದಲ್ಲಿ ಇದೇ ಸಮಸ್ಯೆಗೆ ಬೇರೆ ಉಪಾಯ ಮಾಡಿದ್ದರು. ಅಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ 1530ರ ದಶಕದಲ್ಲಿ ಬರೆದದ್ದು ನೋಡಿ. ಅರಸ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ. ಒಳ್ಳೆಯ ಅರಬ್ಬಿಗಳನ್ನು ತನ್ನ ಲಾಯಕ್ಕೆ ಇಟ್ಟುಕೊಂಡು, ನಾಡ ಕುದುರೆಗಳನ್ನು ಸಾವಿರ ಪರ್ದಾವ್‌ಗೆ ಐದರಂತೆ ತನ್ನ ನಾಯಕರಿಗೇ ಮಾರುತ್ತಿದ್ದ. ಆ ದುಡ್ಡಿನಲ್ಲಿ ಅರಬ್ಬಿ ಕುದುರೆಗಳ ಬಾಕಿ ತೀರುತ್ತಿತ್ತು. ಖಜಾನೆಯಿಂದ ಒಂದು ಕಾಸೂ ಹೋಗುತ್ತಿರಲಿಲ್ಲ! ಇನ್ನು ಅರಮನೆಯ ಕುದುರೆ ಏರುವ ಸವಾರರದು ಬೇರೆ ನಿಯಮ. ಕುದುರೆಗೆ ಅರಸನ ಮುದ್ರೆ ಒತ್ತಿರುತ್ತಿದ್ದರು. ಕುದುರೆ ಸತ್ತರೆ ಆ ಮುದ್ರೆಯಿರುವ ಚರ್ಮದ ತುಂಡನ್ನು ಕೊಯ್ದು ತಂದು ಅಶ್ವಪಡೆಯ ಅಧಿಕಾರಿಗೆ ಒಪ್ಪಿಸಬೇಕು, ಆಗ ಇನ್ನೊಂದು ಕುದುರೆ. ಆಫೀಸಿನಲ್ಲಿ ಕೆಟ್ಟ ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಬೇರೆಯದು ತಗೊಳ್ಳುವಾಗ ಹಿಂದಿನ ಸ್ಟಿಕರ್ ನಂಬರ್ ಕೇಳ್ತಾರಲ್ಲ, ಥೇಟ್ ಹಾಗೇ. ಉತ್ತರದಲ್ಲಿ ಅಲಾವುದ್ದೀನ್ ಖಲ್ಜಿ, ಆಮೇಲೆ ಅಕ್ಬರ್ ಜಾರಿಗೆ ತಂದ 'ದಾಗ್' ಕೂಡ ಇಂಥದೇ ಮುದ್ರೆ. ನಮ್ಮ ಕಡೆ ಅಂಗಿಗೆ ಬಿದ್ದ ಕಲೆಗೂ ದಾಗ ಅಂತಾರೆ, ಪದ ಒಂದೇ.

ಕೌದಿಯಂಥ ಕವಚ

ಸರಿ, ಕವಚದ ಮಾತಿಗೆ ಬರೋಣ. ಸಿನಿಮಾ ನೋಡಿ ನಮಗೆ ಕವಚ ಅಂದರೆ ಫಳಫಳ ಹೊಳೆಯುವ ಲೋಹ. ದಖ್ಖನಿನಲ್ಲಿ ಉಂಗುರಗಳನ್ನು ಹೆಣೆದ ಜಿರಹ್, ಉಂಗುರದ ನಡುವೆ ತಗಡು ಕೂಡಿಸಿದ ಬಖ್ತರ್ ಇದ್ದದ್ದು ನಿಜ. ಅದಕ್ಕೆ ಒಳ್ಳೇ ಬೆಲೆಯೂ ಇತ್ತು. 17ನೇ ಶತಮಾನದ ಕೊನೆಗೆ ಆದೋನಿ ಕೋಟೆ ಮೊಘಲರ ಪಾಲಾದಾಗ ಅವರ ಕಡೆಯಿದ್ದ ಬಿಕಾನೇರದ ಅರಸ ಅನೂಪ್ ಸಿಂಗ್ ಅಲ್ಲಿನ ಕವಚ, ಆಯುಧಗಳನ್ನು ಹೊತ್ತು ಒಯ್ದ. ದಖ್ಖನಿ ಕವಚ ನೋಡಬೇಕೆಂದರೆ ಈಗ ರಾಜಸ್ಥಾನಕ್ಕೆ ಹೋಗಬೇಕಾದ ಪರಿಸ್ಥಿತಿ ಬಂದದ್ದು ಹೀಗೆ. ಕವಚ ಒಬ್ಬನ ಮೈಮೇಲೇ ಮುಗಿಯುವ ವಸ್ತು ಅಲ್ಲ. ಗೆದ್ದವನ, ಕೊಂಡವನ ಮೈಗೆ ಹೋಗುತ್ತಲೇ ಇರುತ್ತೆ.

ಆದರೆ ನಮ್ಮ ಬಿಸಿಲಿಗೆ, ಸಾಮಾನ್ಯನ ಜೇಬಿಗೆ ಹೊಂದುತ್ತಿದ್ದದ್ದು ಹತ್ತಿ. 'ಚಿಹಲ್ತಾ' ಎಂಬ ಒಂದು ಕವಚದ ಹೆಸರಿನ ಅರ್ಥವೇ ನಲವತ್ತು ಮಡಿಕೆ. ಬಟ್ಟೆಯ ಪದರದ ಮೇಲೆ ಪದರ ಇಟ್ಟು, ನಮ್ಮ ಅಜ್ಜಿಯಂದಿರು ಕೌದಿ ಹೊಲಿದ ಹಾಗೆ ಒತ್ತೊತ್ತಾಗಿ ಹೊಲಿದದ್ದು. ಮೇಲೆ ಸಣ್ಣ ಮೊಳೆಗಳನ್ನು ಒತ್ತಿದರೆ ಅದು 'ಹಜಾರ್ ಮೇಖಿ', ಸಾವಿರ ಮೊಳೆಯ ಅಂಗಿ. 1520ರ ಹೊತ್ತಿಗೆ ವಿಜಯನಗರದ ಮಹಾನವಮಿ ನೋಡಿದ ದೊಮಿಂಗೊ ಪಯಸ್ ಕೂಡ ಸವಾರರ ಅಂಗಿಗಳು ಹೊಲಿದ ಪದರಗಳವು, ಒಳಗೆ ಗಟ್ಟಿ ಚರ್ಮ, ಕಬ್ಬಿಣದ ತಗಡು, ಹೊರಗೆ ರೇಷ್ಮೆ, ಮಖಮಲ್ಲು ಅಂತ ವರ್ಣಿಸಿದ್ದಾನೆ. ಟಿಪ್ಪುವಿನವು ಎನ್ನಲಾದ ಮೆತ್ತೆ ಹೊಲಿದ ಶಿರಸ್ತ್ರಾಣಗಳು ಬ್ರಿಟನ್ನಿನ ಸಂಗ್ರಹಗಳಲ್ಲಿವೆ. ಅಂದರೆ ದೊರೆಯೂ ಹತ್ತಿಯನ್ನು ಬಿಟ್ಟಿರಲಿಲ್ಲ.

ಬೆಲೆ? ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯಲ್ಲಿ ಆಯುಧಗಳ ದರಪಟ್ಟಿಯೇ ಇದೆ. ಕತ್ತಿ ಅರ್ಧ ರೂಪಾಯಿಯಿಂದ 15 ಮೊಹರಿನವರೆಗೆ. ಅರ್ಧ ರೂಪಾಯಿಯದೂ ಕತ್ತಿಯೇ, 15 ಚಿನ್ನದ ಮೊಹರಿನದೂ ಕತ್ತಿಯೇ! ಕವಚಗಳ ದರವೂ ಹೀಗೇ ರೂಪಾಯಿಯಿಂದ ಮೊಹರಿಗೆ ಹತ್ತುತ್ತೆ.

ಕುತೂಹಲದ ವಿಷಯ ಅಂದರೆ ಕೆಂಡೋ ಬೋಗುವಿನ ಬಹುಪಾಲು ಕೂಡ ಹೊಲಿದ ಹತ್ತಿಯೇ. ನೀಲಿ ಅದ್ದಿದ ಬಟ್ಟೆ, ಒಳಗೆ ಮೆತ್ತೆ. ಹೊಲಿಗೆ ಎಷ್ಟು ಒತ್ತು ಅನ್ನೋದರ ಮೇಲೆ ಬೆಲೆ. ಮಶೀನಿನದನ್ನು ಮಿಲಿಮೀಟರಿನಲ್ಲಿ, ಕೈಹೊಲಿಗೆಯದನ್ನು 'ಬು' ಎಂಬ ಹಳೇ ಅಳತೆಯಲ್ಲಿ (ಒಂದು ಬು ಅಂದರೆ ಸುಮಾರು 3 ಮಿ.ಮೀ.) ಹೇಳುತ್ತಾರೆ. ಮಶೀನಿನದು ಕೆಲವು ಹತ್ತು ಸಾವಿರ ಯೆನ್‌ಗೆ ಸಿಕ್ಕರೆ ಕೈಹೊಲಿಗೆಯದು ಲಕ್ಷಗಳಿಗೆ ಹೋಗುತ್ತೆ. ಈ ಬೋಗು ಕೂಡ ಸಮುರಾಯ್‌ಗಳ ಯುದ್ಧ ಕವಚ ಅಲ್ಲ. ಅದು ಅಭ್ಯಾಸಕ್ಕೆಂದೇ ಹುಟ್ಟಿದ್ದು. 18ನೇ ಶತಮಾನದ ಮೊದಲಲ್ಲಿ ನಾಗಾನುಮಾ ಎಂಬ ಗುರು, ಆಮೇಲೆ ನಡುವಿನಲ್ಲಿ ನಾಕಾನಿಶಿ ಎಂಬವರು ಶಿಷ್ಯರು ಕೈಕಾಲು ಮುರಿದುಕೊಳ್ಳದೆ ಜೋರಾಗಿ ಹೊಡೆದು ಕಲಿಯಲಿ ಅಂತ ಇದನ್ನು ರೂಪಿಸಿದರು. ಯುದ್ಧದ ಕಾಲದ ಜಪಾನಿನಲ್ಲಿ ಬಡ ಕಾಲಾಳುಗಳಿಗೆ (ಅಶಿಗಾರು) ಒಡೆಯನೇ ಕವಚ ಕೊಡುತ್ತಿದ್ದ. ಅದರ ಹೆಸರು 'ಒಕಾಶಿ ಗುಸೊಕು', ಅಂದರೆ ಎರವಲು ಕವಚ. ನೋಡಿ, ಬಾರಗೀರ ಅಲ್ಲೂ ಇದ್ದ!

ಕುದುರೆ ಸತ್ತರೆ ಯಾರ ಗಂಟು?

ಈಗ ಮುಖ್ಯ ಪ್ರಶ್ನೆ. ಸ್ವಂತದ್ದು ಇದ್ದವನು ಹೆಚ್ಚು ಧೈರ್ಯವಂತನೋ, ಎರವಲಿನವನೋ? ಸ್ವಂತದ್ದು ಇದ್ದವನೇ ಅಂತ ನಮಗೆ ಅನ್ನಿಸುತ್ತೆ. ಮೊಘಲ್ ಸೈನ್ಯದ ಬಗ್ಗೆ ಬರೆದ ವಿಲಿಯಂ ಅರ್ವಿನ್ ಉಲ್ಟಾ ಹೇಳುತ್ತಾರೆ. ಕುದುರೆ ಸವಾರನ ಸ್ವಂತ ಆಸ್ತಿ. ಅದು ಸತ್ತರೆ ಅವನ ಜೀವನವೇ ಮುಗಿಯಿತು. ಹಾಗಾಗಿ ಜೀವಕ್ಕೆ ಹೆದರದವನೂ ಕುದುರೆಗೆ ಹೆದರಿ ಹಿಂದೆ ಉಳಿಯುತ್ತಿದ್ದ. ಅವನನ್ನು ಹೇಡಿ ಅನ್ನೋದು ಅನ್ಯಾಯ. ಮನೆಯವರ ಅನ್ನ ಅವನ ತೊಡೆಗಳ ನಡುವೆ ಓಡುತ್ತಿತ್ತು.

ಹಾಗಂತ ಹೆಸರು ಉಳಿದದ್ದು ಯಾರದು? ಶಿಲೇದಾರ ಅಂತ ಮರಾಠಿಯಲ್ಲಿ ಮನೆತನದ ಹೆಸರಿದೆ. ಸಂಗೀತ ನಾಟಕದ ಜಯರಾಮ್ ಶಿಲೇದಾರರನ್ನು ಗಡಿಯ ಹಿರಿಯರು ಬಲ್ಲರು. ಬಾರಗೀರನ ಹೆಸರು ಉಳಿದದ್ದು ಸಾವಿರ ಮೈಲಿ ಆಚೆ. 1740ರ ದಶಕದಲ್ಲಿ ಬಂಗಾಳದ ಮೇಲೆ ದಾಳಿ ಮಾಡಿದ ಮರಾಠಾ ಸವಾರರನ್ನು ಅಲ್ಲಿಯವರು 'ಬರ್ಗಿ' ಅಂತ ಕರೆದರು. ಇವತ್ತಿಗೂ ಬಂಗಾಳಿ ತಾಯಂದಿರ ಜೋಗುಳದಲ್ಲಿ ಮಗುವನ್ನು ಹೆದರಿಸಿ ಮಲಗಿಸುವ ಗುಮ್ಮ ಅವನೇ. ಎರವಲು ಕುದುರೆಯವನು ಎರಡು ಪ್ರಾಂತ್ಯ ದಾಟಿ ಗುಮ್ಮನಾದ!

ಮೂರನೇ ದಾರಿಯೂ ಇತ್ತು. ನಿಜಾಮರ ಕಾಲದಲ್ಲಿ ನಮ್ಮ ಬೀದರ ಜಿಲ್ಲೆಯ ಎಷ್ಟೋ ಊರುಗಳು, ಚಿಟಗುಪ್ಪದಂಥವು, 'ಪಾಯಿಗಾ' ಜಹಗೀರಿನಲ್ಲಿದ್ದವು. ಪಾಯಿಗಾ ನವಾಬರಿಗೆ ಆ ಭೂಮಿ ಬಿಟ್ಟುಕೊಟ್ಟದ್ದು ನಿಜಾಮನ ಅಶ್ವಪಡೆ ಸಾಕಲೆಂದು. ಅಂದರೆ ಸವಾರನ ಕುದುರೆ, ಕತ್ತಿ, ಜೀನಿನ ಬಜೆಟ್ಟು ಬರುತ್ತಿದ್ದದ್ದು ನಮ್ಮ ಜೋಳ, ತೊಗರಿ ಹೊಲದಿಂದ. ಸವಾರಿಯ ಕಾಲ ಹೋದ ಮೇಲೂ ಜಹಗೀರು ಉಳಿಯಿತು, 1949ರಲ್ಲಿ ರದ್ದಾಗುವವರೆಗೆ. ಸಿಲೇದಾರನೂ ಅಲ್ಲದ, ಬಾರಗೀರನೂ ಅಲ್ಲದ, ಕುದುರೆಯನ್ನೇ ಏರದ ರೈತ ಆ ಲೆಕ್ಕದಲ್ಲಿ ಎಲ್ಲರಿಗಿಂತ ಹೆಚ್ಚು ಕಟ್ಟಿದ. ಅವನಿಗೆ ಮಾತ್ರ ಈ ಭಾಷೆಯಲ್ಲಿ ಒಂದು ಹೆಸರಿಲ್ಲ.

ಬ್ರಿಟಿಷರು ಸಿಲೇದಾರಿಯನ್ನು ಹಾಗೇ ಎತ್ತಿಕೊಂಡರು, ಅಗ್ಗ ಅಂತ. ಮದ್ರಾಸಿನ ಮೂರು ರೆಜಿಮೆಂಟು ಬಿಟ್ಟರೆ ಭಾರತದ ಅಶ್ವಪಡೆ ಹೆಚ್ಚುಕಡಿಮೆ ಪೂರ್ತಿ ಈ ಪದ್ಧತಿಯದೇ. ಹೈದರಾಬಾದ್ ಕಾಂಟಿಂಜೆಂಟಿನಿಂದ ಬಂದ ಡೆಕ್ಕನ್ ಹಾರ್ಸ್ ಕೂಡ. ಸೇರುವ ಹುಡುಗ ಒಂದು ಮೊತ್ತ ಠೇವಣಿ ಇಡಬೇಕು ಅಥವಾ ಕುದುರೆ ತರಬೇಕು. ಕಡಿಮೆ ಬಿದ್ದದ್ದನ್ನು ರೆಜಿಮೆಂಟು ಸಾಲ ಕೊಟ್ಟು ಸಂಬಳದಲ್ಲಿ ಮುರಿದುಕೊಳ್ಳುತ್ತಿತ್ತು. ಇಬ್ಬಿಬ್ಬರು ಸೇರಿ ಸಾಮಾನು ಹೊರಲು ಒಂದು ತಟ್ಟು, ಹುಲ್ಲು ಕೊಯ್ಯಲು ಒಬ್ಬ ಆಳನ್ನು ಸಾಕುತ್ತಿದ್ದರು. ಇವರು ಮಾಡಿದ ಒಂದು ಜಾಣತನ ಅಂದರೆ 'ಚಂದಾ' ನಿಧಿ. ಎಲ್ಲರೂ ತಿಂಗಳಿಗಿಷ್ಟು ಹಾಕಬೇಕು, ಯಾರ ಕುದುರೆ ಸತ್ತರೂ ಅದರಿಂದ ಹೊಸದು. ಅರ್ವಿನ್ ಹೇಳಿದ ಹೆದರಿಕೆಗೆ ಮದ್ದು ಅದು.

ಶಾಂತಿಕಾಲಕ್ಕೆ ಅದು ಸಾಕಾಯಿತು. ಮೊದಲ ಮಹಾಯುದ್ಧದಲ್ಲಿ ಡೆಕ್ಕನ್ ಹಾರ್ಸ್ ಫ್ರಾನ್ಸಿಗೆ ಹೋಯಿತು. 1916ರ ಜುಲೈ 14ರಂದು ಸೋಮ್ ಕದನದ ಹೈವುಡ್ ಬಳಿ ಭರ್ಚಿ ಹಿಡಿದು ಮಶೀನ್‌ಗನ್ನಿನ ಎದುರು ನುಗ್ಗಿತು ಕೂಡ. ಆದರೆ ಕುದುರೆಗಳು ಒಂದೊಂದಾಗಿ ಅಲ್ಲ, ಹಿಂಡುಹಿಂಡಾಗಿ ಸಾಯುವ ಯುದ್ಧದಲ್ಲಿ ಯಾರ ಚಂದಾ ಸಾಲುತ್ತೆ? ಯುದ್ಧ ಮುಗಿದ ಮೇಲೆ, 1921ರ ಹೊತ್ತಿಗೆ, ಸಿಲೇದಾರಿ ರದ್ದಾಯಿತು. ಅಲ್ಲಿಂದ ಎಲ್ಲರೂ ಬಾರಗೀರರೇ. ಇವತ್ತಿನ ಸೈನಿಕ ಸಾಮಾನ್ಯವಾಗಿ ತನ್ನ ಬಂದೂಕು, ಬುಲೆಟ್‌ಪ್ರೂಫ್ ಜಾಕೆಟ್ಟು ತಾನೇ ಕೊಂಡು ತರುವುದಿಲ್ಲ, ತರಲೂಬಾರದು. ಪರರಿಗಾಗಿ ಏಟು ತಿನ್ನುವವನ ಕವಚ ಅವನ ಜೇಬಿನಿಂದ ಬರಬಾರದು ಅಂತ ಒಪ್ಪಿಕೊಳ್ಳಲು ಜಗತ್ತಿಗೆ ಅಷ್ಟು ವರ್ಷ ಬೇಕಾಯಿತು.

ಹಾಗಾದರೆ ಬೋಗು?

ಕೆಂಡೋದಲ್ಲಿ ನಾವು ಯಾರ ದಂಡೂ ಅಲ್ಲ, ನಮ್ಮ ಖುಷಿಗೆ ಹೊಡೆಸಿಕೊಳ್ಳುವವರು :-) ಅದಕ್ಕೇ ಹಳೇ ಲೆಕ್ಕದಿಂದ ಕಲಿಯೋದು ಇಷ್ಟು.

ಮೊದಲು ಬಾರಗೀರರಾಗಿ. ತರಗತಿಯ ಎರವಲು ಕವಚದಲ್ಲಿ ಕೆಲವು ತಿಂಗಳು ಕಳೆಯುವುದು ಅವಮಾನವಲ್ಲ. ಶುರು ಮಾಡಿದ್ದು ಉಳಿಯುತ್ತೋ ಬಿಟ್ಟುಹೋಗುತ್ತೋ ಅಂತ ಅಷ್ಟರಲ್ಲಿ ಗೊತ್ತಾಗುತ್ತೆ. ಆಮೇಲೆ ಸಿಲೇದಾರರಾಗಿ, ಆದರೆ ನಿಕಿತಿನ್ನನ ಕುದುರೆ ನೆನಪಿಡಿ: ಕೊಂಡ ಬೆಲೆಯ ಮೇಲೆ ಸಾಗಣೆ, ಸುಂಕ, ಸಾಕುವ ಖರ್ಚು ಸೇರಿಸಿಯೇ ಬಜೆಟ್. ಕೋತೆಯ ಅಂಗೈ ಎಲ್ಲಕ್ಕಿಂತ ಮೊದಲು ಹರಿಯುತ್ತೆ, ಶಿನಾಯ್ ಸೀಳುತ್ತಲೇ ಇರುತ್ತೆ. ತಿಂಗಳಿಗಿಷ್ಟು ಅಂತ ನಿಮ್ಮದೇ ಒಂದು ಚಂದಾ ತೆಗೆದಿಡಿ. ದುಡ್ಡು ಕಡಿಮೆ ಇದ್ದರೆ ದೋ, ತಾರೆ ಹಳೇದು ತಗೊಂಡರೂ ನಡೆಯುತ್ತೆ, ಆದೋನಿಯ ಕವಚ ಬಿಕಾನೇರಕ್ಕೆ ಹೋದಂತೆ ಅವು ಮೈಯಿಂದ ಮೈಗೆ ಹೋಗುವ ವಸ್ತು. ಮೆನ್ ಮಾತ್ರ ನಿಮ್ಮ ತಲೆಯ ಅಳತೆಗೇ ಇರಲಿ. ಗಲ್ಲ, ಹಣೆ ಸರಿಯಾಗಿ ಕೂರದಿದ್ದರೆ ಮೊಹರು ಕೊಟ್ಟು ತಂದದ್ದೂ ದಂಡ.

ಕೊನೆಯದು, ನನಗೆ ಮುಖ್ಯ ಅನ್ನಿಸಿದ್ದು. ಮೊದಲ ಕವಚ ಎಷ್ಟು ದುಬಾರಿ ಇರಬೇಕು ಅಂದರೆ, ಹೊಡೆತ ಬಿದ್ದಾಗ ನಿಮಗೆ "ಅಯ್ಯೋ ನನ್ನ ಕವಚ" ಅನ್ನಿಸದಷ್ಟು ಮಾತ್ರ. ಅನ್ನಿಸಿತೋ, ನೀವು ಕುದುರೆಗೆ ಹೆದರಿ ಹಿಂದೆ ಉಳಿದ ಆ ಸವಾರನೇ ಆದಿರಿ. ಅವನಿಗಾದರೂ ಮನೆಯಲ್ಲಿ ಕಾಯುವ ಹೊಟ್ಟೆಗಳಿದ್ದವು.

ನಿಮ್ಮ ಕಡೆ ಸಿಲೇದಾರ, ಪಾಗಾ, ಪಾಯಿಗಾ ಇಂಥ ಪದಗಳು ಊರ ಹೆಸರಲ್ಲೋ, ಹೊಲದ ಹೆಸರಲ್ಲೋ, ಮನೆತನದ ಹೆಸರಲ್ಲೋ ಉಳಿದಿದ್ದರೆ ದಯವಿಟ್ಟು ತಿಳಿಸಿ. ಒಂದು ಪಟ್ಟಿ ಮಾಡುವ ಆಸೆ ಇದೆ.